ಎರಡ್ನಿಮಿಷ ಡ್ರೈವರು

ಆ ಬೀದಿಗೆ ಬಂದು ಅವರ ನಿಜವಾದ ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. "ಎರಡ್ನಿಮಿಷ ಡ್ರೈವರ ಮನೆ ಎಲ್ಲಿ?" ಅನ್ನಿ, ಆಟವಾಡುವ ಮಕ್ಕಳೂ ಏರುರಸ್ತೆಯ ತುದಿಯ ಹಸಿರು ಗೇಟಿನ ಕಡೆ ಕೈ ತೋರಿಸುತ್ತಾರೆ. ಆ ಹೆಸರು ಬಸ್ ಡಿಪೋದಲ್ಲಿ ಬಿದ್ದದ್ದು. ಕೆಲಸದಿಂದ ನಿವೃತ್ತರಾದ ಮೇಲೂ ಬಿಡದೆ ಬೆನ್ನಿಗೇ ಮನೆಗೆ ಬಂತು.

ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ ಅವರು. ಬಸ್ಸು ಕೊನೆಯ ನಿಲ್ದಾಣಕ್ಕೆ ಬಂದು ನಿಂತರೆ ಜನ ಇಳಿದು ಹೋಗುತ್ತಿದ್ದರು, ಕಂಡಕ್ಟರು ಚಹಾದ ಅಂಗಡಿಗೆ ಓಡುತ್ತಿದ್ದ. ಡ್ರೈವರು ಮಾತ್ರ ಎಂಜಿನ್ ಆರಿಸದೆ ಸೀಟಿನಲ್ಲೇ ಕೂತಿರುತ್ತಿದ್ದರು. "ಬನ್ನಿ ಗುರುಗಳೇ, ಚಹಾ ಆರಿಹೋಗುತ್ತೆ" ಅಂತ ಕೂಗಿದರೆ "ಎರಡ್ನಿಮಿಷ" ಅನ್ನುವುದು. ಯಾಕೆ ಅಂತ ಯಾರಾದರೂ ಕೇಳಿಬಿಟ್ಟರೋ, ಮುಗಿಯಿತು ಕಥೆ, ಚಹಾ ನಿಜವಾಗಿಯೂ ಆರಿಹೋಗುತ್ತಿತ್ತು.

"ಟರ್ಬೋ ಅಂತ ಇರುತ್ತೆ ನೋಡಪ್ಪ, ಎಂಜಿನ್ ಪಕ್ಕದಲ್ಲಿ, ಅಂಗೈಯಷ್ಟು ಚಕ್ರ. ಹೊಗೆಯ ರಭಸಕ್ಕೆ ಗಿರ್ರಂತ ತಿರುಗಿ ಎಂಜಿನ್ನಿಗೆ ಗಾಳಿ ತುಂಬುತ್ತೆ. ಕೆಂಪಗೆ ಕಾಯುತ್ತೆ ಅದು. ಅದನ್ನ ತಣಿಸೋದು ಆಯಿಲ್ಲು. ಎಂಜಿನ್ ಓಡ್ತಿದ್ರೆ ಆಯಿಲ್ ಓಡುತ್ತೆ. ನೀನು ಏರು ಹತ್ತಿ ಬಂದು ಗಕ್ಕಂತ ಕೀ ತಿರುಗಿಸಿದ್ರೆ ಆಯಿಲ್ಲು ಅಲ್ಲೇ ನಿಂತು ಸುಟ್ಟು ಕರಕಾಗುತ್ತೆ. ಓಡಿ ಬಂದೋನ ಮೂಗು ಬಾಯಿ ಮುಚ್ಚಿ ಮಲಗಿಸಿದ್ರೆ ಬದುಕ್ತಾನಾ? ಉಸಿರಾಡೋಕೆ ಎರಡ್ನಿಮಿಷ ಕೊಡು."

ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೇಳಿದ್ದನ್ನೇ ಎಷ್ಟು ಸಲ ಅಂತ ಕೇಳುವುದು? ಬೀದಿಯಲ್ಲಿ ಯಾರೇ ಕಾರು ತಂದು ನಿಲ್ಲಿಸಲಿ, ಇವರು ಗೇಟಿನಿಂದಲೇ ಎರಡು ಬೆರಳು ಎತ್ತಿ ತೋರಿಸುತ್ತಿದ್ದರು. ಮಗನ ಸ್ಕೂಟರಿಗೂ ಎರಡು ನಿಮಿಷ, ಅಡುಗೆಮನೆಯ ಮಿಕ್ಸಿಗೂ ಎರಡು ನಿಮಿಷ. ಹೆಂಡತಿಗಂತೂ ರೋಸಿಹೋಗಿತ್ತು. "ನಮ್ಮನೆಯವರು ಊಟ ಮುಗಿಸಿದ ತಟ್ಟೆ ಮುಂದೆನೂ ಎರಡ್ನಿಮಿಷ ಎಂಜಿನ್ ಬಿಟ್ಕೊಂಡು ಕೂತಿರ್ತಾರೆ ಕಣ್ರೀ" ಅಂತ ಬಂದವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದರು.

ನಿವೃತ್ತರಾದ ಮೇಲೆ ಡ್ರೈವರ ಒಂದು ಕಣ್ಣಿಗೆ ಪೊರೆ ಬಂತು. ಹೇಳಿಕೊಳ್ಳಲು ಜಂಬ. ಒಂದು ದಿನ ಮನೆಯ ಕಾರನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆ ಮೇಷ್ಟ್ರ ಕಾಂಪೌಂಡಿನ ಮೂಲೆಗೆ ಗುದ್ದಿಬಿಟ್ಟರು. ಗೋಡೆಯ ಆಚೆ ಬದಿಗೆ ಮೇಷ್ಟ್ರ ಮೊಮ್ಮಗು ಆಡುತ್ತಿತ್ತು. ಏನೂ ಆಗಲಿಲ್ಲ ಅನ್ನಿ. ಆದರೆ ಮಗ ಹೆದರಿ ಬಿಳಿಚಿಹೋಗಿದ್ದ. "ಅಪ್ಪಾ, ಇನ್ಮೇಲೆ ಸ್ಟೀರಿಂಗ್ ಮುಟ್ಟಲ್ಲ ಅಂತ ಮಾತು ಕೊಡು" ಅಂದ. ಡ್ರೈವರು ಕೊಟ್ಟರು. ಕೊಟ್ಟ ಮಾತಿಗೆ ತಪ್ಪದ ಮನುಷ್ಯ ಅಂತ ಅವರಿಗೆ ಹೆಸರಿತ್ತು, ಮಗನಿಗೆ ಅಷ್ಟು ಸಾಕಾಯಿತು.

ಕಾರು ಆಮೇಲೆ ಸೊಸೆಯ ಪಾಲಿಗೆ ಬಂತು. ಅವಳು ಆಸ್ಪತ್ರೆಯಲ್ಲಿ ನರ್ಸು. ಊರಾಚೆಯ ದೊಡ್ಡ ಆಸ್ಪತ್ರೆ, ತೀರಾ ಜೋರು ಕಾಯಿಲೆಯವರನ್ನು ಮಲಗಿಸುವ ವಾರ್ಡು, ಯಾವಾಗಲೂ ರಾತ್ರಿ ಪಾಳಿ. ಮಗನ ಔಷಧಿ ಅಂಗಡಿ ಬೀದಿಯ ಕೆಳಗೇ ಇದ್ದುದರಿಂದ ಅವನಿಗೆ ಸ್ಕೂಟರು ಸಾಕು. ಸೊಸೆಗೆ ಡ್ರೈವಿಂಗ್ ಕಲಿಸಿದ್ದು ಡ್ರೈವರೇ, ಪೊರೆ ಬರುವುದಕ್ಕೆ ಮುಂಚೆ. ಗೇರು ಹಾಕುವುದಕ್ಕಿಂತ ಮೊದಲು ಎಂಜಿನ್ ಆರಿಸುವುದನ್ನು ಕಲಿಸಿದ್ದರು, ಅಂಥ ಗುರು.

ಅವಳೂ ಸುಮ್ಮನೆ ತಲೆ ಆಡಿಸುವವಳಲ್ಲ. ಕಾರಿನ ಜೊತೆ ಬಂದ ಪುಸ್ತಕ ಓದಿಕೊಂಡು ಬಂದು ವಾದ ಹೂಡಿದ್ದಳು.

"ಮಾವ, ಮೆಲ್ಲಗೆ ಓಡಿಸ್ಕೊಂಡು ಬಂದಿದ್ರೆ ಬೇಕಾಗಿಲ್ಲ ಅಂತಿದೆ ಇದ್ರಲ್ಲಿ. ಕೊನೇಲಿ ನಿಧಾನಕ್ಕೆ ಬಂದ್ರೆ ದಾರೀಲೇ ತಣಿಯುತ್ತಂತೆ. ಜೋರಾಗಿ ಓಡಿಸಿದ್ರೆ, ಏರು ಹತ್ತಿದ್ರೆ ಮಾತ್ರ ಒಂದೆರಡು ನಿಮಿಷ ಬಿಡಿ ಅಂತಾರೆ."

"ನಮ್ಮನೆ ಎಲ್ಲಮ್ಮ ಇರೋದು?"

"ಏರಿನ ತುದೀಲಿ."

"ಹಾಂ. ಆ ಪುಸ್ತಕ ಬರೆದೋನ ಮನೆ ಬಯಲಲ್ಲಿರಬೇಕು."

ಅವಳು ನಕ್ಕುಬಿಟ್ಟಿದ್ದಳು. ಅವತ್ತಿನಿಂದ ಬೆಳಿಗ್ಗೆ ಅವಳ ಕಾರು ಬಂದು ಮುಂದಿನ ಕೋಣೆಯ ಕಿಟಕಿ ಕೆಳಗೆ ನಿಂತರೆ ಎಂಜಿನ್ನು ಸ್ವಲ್ಪ ಹೊತ್ತು ಗುನುಗುತ್ತಲೇ ಇರುತ್ತಿತ್ತು. ಒಳಗೆ ಅತ್ತೆ ಆ ಸದ್ದಿಗೆ ಚಹಾಕ್ಕೆ ನೀರು ಇಡುತ್ತಿದ್ದರು. ಮಗನಿಗೆ ಮಾತ್ರ ಅದು ತಿಳಿಯದು. ಅವನಿಗೆ ಆಗಿನ್ನೂ ಅರ್ಧ ನಿದ್ದೆ, ಹೆಂಡತಿ ಕಾರಿನಲ್ಲಿ ಕೂತು ಫೋನ್ ನೋಡುತ್ತಾಳೆ ಅಂದುಕೊಂಡಿದ್ದ.

ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಡ್ರೈವರಿಗೆ ಎದುರುಮನೆಯ ಮಾಳಿಗೆಯಲ್ಲಿ ಒಣಹಾಕಿದ ಬಟ್ಟೆಯ ಗುಂಡಿಗಳೂ ಕಂಡವು. ಡಾಕ್ಟರು "ಇನ್ನೇನು ಯಜಮಾನ್ರೇ, ಬಸ್ಸನ್ನೇ ಓಡಿಸಬಹುದು" ಅಂತ ತಮಾಷೆ ಮಾಡಿದರು. ಮಗ ಪಕ್ಕದಲ್ಲೇ ಇದ್ದ, ನಕ್ಕ. ಆದರೆ "ಅಪ್ಪಾ, ಇನ್ನು ಕಾರು ತಗೋ" ಅಂತ ಅವನ ಬಾಯಿಂದ ಬರಲಿಲ್ಲ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಡ್ರೈವರು ಕಾದರು. ಒಂದು ಮಾತು ಕೇಳಿದ್ದರೆ ಕೊಡುತ್ತಿದ್ದನೋ ಏನೋ. ಕೇಳುವುದಾ? ಬಸ್ಸನ್ನು ಬೆಟ್ಟ ಹತ್ತಿಸಿ ಇಳಿಸಿದವನು, ತಾನೇ ನಡೆಯಲು ಕಲಿಸಿದ ಮಗನ ಹತ್ತಿರ ಕೀ ಕೇಳುವುದಾ? ಆ ಜಂಬವೇ ಎಲ್ಲಕ್ಕೂ ಮೂಲ, ಬೇರೇನೂ ಅಲ್ಲ.

ಮಧ್ಯಾಹ್ನದ ಹೊತ್ತು ಆ ಮನೆ ಗಪ್‌ಚಿಪ್. ಮಗ ಅಂಗಡಿಯಲ್ಲಿ, ಹೆಂಡತಿ ಹಿಂದಿನ ಕೋಣೆಯಲ್ಲಿ ಒಂದು ಕೋಳಿನಿದ್ದೆ. ಮುಂದಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಸೊಸೆ ರಾತ್ರಿಯ ಪಾಳಿಯ ನಿದ್ದೆ ತೀರಿಸುತ್ತಿರುತ್ತಾಳೆ. ಬಾಗಿಲ ಪಕ್ಕದ ಮೊಳೆಯಲ್ಲಿ ಕೀ ತೂಗುತ್ತಿರುತ್ತದೆ. ಒಂದು ಮಧ್ಯಾಹ್ನ ಡ್ರೈವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕೀ ತೆಗೆದುಕೊಂಡು, ತಮ್ಮದೇ ಮನೆಯಿಂದ ಕಳ್ಳನ ಹಾಗೆ ಹೊರಗೆ ಬಂದರು.

ಎಂಜಿನ್ ಹಾಕಿದರೆ ಕಿಟಕಿಯಾಚೆ ಮಲಗಿದವಳಿಗೆ ಎಚ್ಚರವಾಗುತ್ತದಲ್ಲ? ಹ್ಯಾಂಡ್‌ಬ್ರೇಕ್ ಇಳಿಸಿದರು ಅಷ್ಟೇ. ಕಾರು ಇಳಿಜಾರಿನಲ್ಲಿ ತಾನೇ ಮೆಲ್ಲಗೆ ಉರುಳಿಕೊಂಡು ಬೀದಿಯ ಕೆಳಗೆ ಹೋಯಿತು. ಮಗನ ಅಂಗಡಿಗೆ ಮುಂಚೆಯೇ ಕೀ ತಿರುಗಿಸಿದರು, ಓಡುವ ಕಾರನ್ನು ಕೌಂಟರಿನ ಹಿಂದೆ ಕೂತವನು ಎಲ್ಲಿ ಗಮನಿಸುತ್ತಾನೆ? ಊರಾಚೆ ನೀರಿನ ಟ್ಯಾಂಕಿನ ಗುಡ್ಡಕ್ಕೆ ಹೋಗುವ ತಿರುವುರಸ್ತೆ, ಅದು ಅವರ ಬಸ್ಸಿನ ಹಳೆಯ ರೂಟು. ಗುಡ್ಡದ ತುದಿಗೆ ಹೋಗಿ ಕಾರು ನಿಲ್ಲಿಸದೆ ತಿರುಗಿಸಿಕೊಂಡು ಬರುವಾಗ ಡ್ರೈವರು ಒಬ್ಬರೇ ಜೋರಾಗಿ ನಗುತ್ತಿದ್ದರು. ಅಷ್ಟು ಸಂತೋಷ ಅವರಿಗೆ ಆಗಿ ಬಹಳ ಕಾಲವಾಗಿತ್ತು.

ಕಷ್ಟ ಬಂದದ್ದು ವಾಪಸ್ಸು ಬರುವಾಗ. ಮನೆಯ ಏರನ್ನು ಎಂಜಿನ್ ಇಲ್ಲದೆ ಹತ್ತುವ ಹಾಗಿಲ್ಲ. ಹತ್ತಿ ಬಂದ ಎಂಜಿನ್ನನ್ನು ಕಿಟಕಿ ಕೆಳಗೆ ಎರಡು ನಿಮಿಷ ಓಡಲು ಬಿಡುವ ಹಾಗೂ ಇಲ್ಲ. ಸೊಸೆ ಎದ್ದು ಪರದೆ ಸರಿಸಿದರೆ ಮಾತು, ಮರ್ಯಾದೆ ಎರಡೂ ಬೀದಿಪಾಲು. ಕೆಳಗೇ ನಿಲ್ಲಿಸಿ ತಣಿಸೋಣವೆಂದರೆ ಅಲ್ಲಿ ಮಗನ ಅಂಗಡಿ. ಡ್ರೈವರು ಕೊನೆಯ ತಿರುವಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು, ಕಾರು ಮೇಷ್ಟ್ರ ಗೋಡೆ ದಾಟುತ್ತಿದ್ದಂತೆ ಕೀ ಹಿಂದಕ್ಕೆ ತಿರುಗಿಸಿದರು. ಉಳಿದ ದಾರಿಯನ್ನು ಕಾರು ಆ ವೇಗದಲ್ಲೇ ಸದ್ದಿಲ್ಲದೆ ಉರುಳಿ ಬಂದು ತನ್ನ ಜಾಗದಲ್ಲಿ ನಿಂತಿತು. ಬಾನೆಟ್ಟಿನ ಒಳಗಿಂದ ಟಕ್, ಟಕ್ ಅಂತ ಕಾದ ಕಬ್ಬಿಣ ಸದ್ದು ಮಾಡಿತು.

"ಇದೊಂದು ಸಲ" ಅಂದುಕೊಂಡರು. ಹಾಗೆ ಅಂದುಕೊಂಡವರು ಒಂದೇ ಸಲಕ್ಕೆ ನಿಲ್ಲಿಸಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮಳೆಗಾಲ ಹೋಯಿತು, ಚಳಿ ಬಂತು, ಚಳಿ ಹೋಗಿ ಸೆಕೆ ಶುರುವಾಯಿತು. ಮಧ್ಯಾಹ್ನಗಳು ನಡೆದೇ ಇದ್ದವು. ಸೀಟನ್ನು ಮತ್ತೆ ಸೊಸೆಯ ಅಳತೆಗೆ ಮುಂದಕ್ಕೆ ಎಳೆದಿಟ್ಟು, ಕೀಯನ್ನು ಮೊಳೆಗೆ ನೇತುಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋಗಿ ಪೇಪರು ಹಿಡಿದು ಕೂರುತ್ತಿದ್ದರು. ಸಂಜೆ ಬೀದಿಯಲ್ಲಿ ಯಾರೋ ಕಾರು ಆರಿಸಿದರೆ ಬೆರಳು ಎತ್ತುತ್ತಿದ್ದರು, ಅದನ್ನೂ ಬಿಟ್ಟಿರಲಿಲ್ಲ. ಬೆರಳು ಎತ್ತುವಾಗ ಮಾತ್ರ ಒಮ್ಮೊಮ್ಮೆ ಮುಖ ಬಿಸಿಯಾಗುತ್ತಿತ್ತು.

ಒಂದು ಸಂಜೆ ಸೊಸೆ ಕೆಲಸಕ್ಕೆ ಹೊರಟವಳು ದಾರಿಯಲ್ಲೇ ನಿಂತಳು. ಆಸ್ಪತ್ರೆಯ ಹಿಂದಿನ ಏರಿನಲ್ಲಿ ಕಾರು ಸಿಳ್ಳೆ ಹೊಡೆದು, ನೀಲಿ ಹೊಗೆ ಕಾರಿ, ಜೀವ ಬಿಟ್ಟಿತ್ತು. ಆಟೋ ಸಿಗದೆ ಓಡಿಕೊಂಡು ವಾರ್ಡಿಗೆ ಹೋದಳು. ಪಾಳಿ ಮುಗಿಸಿದ ನರ್ಸು ಮನೆಗೆ ಹೋಗಲಾಗದೆ ಇವಳಿಗಾಗಿ ಕಾದು ನಿಂತಿದ್ದಳು, ಮೇಲಿನವರು ಎಲ್ಲರೆದುರಿಗೆ ಮಂಗಳಾರತಿ ಮಾಡಿದರು.

ಮರುದಿನ ಗ್ಯಾರೇಜಿಗೆ ಅಪ್ಪ, ಮಗ, ಸೊಸೆ ಮೂವರೂ ಹೋದರು. ಗ್ಯಾರೇಜಿನ ಮೇಸ್ತ್ರಿ ಡಿಪೋದಲ್ಲಿ ಡ್ರೈವರ ಜೊತೆ ಇದ್ದವನೇ. ಟರ್ಬೋ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದ. ಆಯಿಲ್ ಬರುವ ಪೈಪನ್ನು ಬೆಳಕಿಗೆ ಹಿಡಿದು ತೋರಿಸಿದ. ಒಳಗೆಲ್ಲ ಕರಿ, ಬೆರಳ ಉಗುರಲ್ಲಿ ಕೆರೆದರೂ ಬಾರದಷ್ಟು ಗಟ್ಟಿ.

"ಇದು ಒಂದು ದಿನದ ಕೆಲಸ ಅಲ್ಲ. ಯಾರೋ ಜೋರಾಗಿ ಏರು ಹತ್ತಿಸಿ, ಬಿಸಿ ಬಿಸಿ ಎಂಜಿನ್ನನ್ನ ಹಾಗೇ ಆರಿಸಿದ್ದಾರೆ. ದಿನಾ ಮಾಡಿದ್ದಾರೆ" ಅಂದ. ಆಮೇಲೆ ಡ್ರೈವರ ಕಡೆ ತಿರುಗಿ ನಕ್ಕ. "ಏನ್ ಗುರುಗಳೇ, ಊರಿಗೆಲ್ಲ ಪಾಠ ಹೇಳ್ತೀರಿ, ಮನೆಯವರಿಗೇ ಹೇಳಿಕೊಡಲಿಲ್ವಾ?"

ಮೇಜಿನ ಮೇಲಿದ್ದದ್ದು ತಮ್ಮ ಮಧ್ಯಾಹ್ನಗಳು ಅಂತ ಡ್ರೈವರಿಗೆ ಗೊತ್ತು. ಬಾಯಿ ಬಿಡಬೇಕಿತ್ತು. ಬಿಟ್ಟರು ಕೂಡ. ಆದರೆ ಬಾಯಿಂದ ಬಂದದ್ದು ಏನು?

"ನಾನು ಹೇಳಿದ್ದೆ" ಅಂದರು.

ಬರೀ ಎರಡು ಮಾತು. ಮಗ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ತಾ? ಎಷ್ಟು ಸಲ ಹೇಳಿದ್ರು ಅಪ್ಪ! ದೊಡ್ಡವರ ಮಾತು ಅಂದ್ರೆ ನಿನಗೆ ತಮಾಷೆ. ಪುಸ್ತಕದಲ್ಲಿ ಬೇಡ ಅಂತ ಇದೆ ಅಂದ್ಯಲ್ಲ, ನೋಡೀಗ ಪುಸ್ತಕ." ಮೇಸ್ತ್ರಿಯ ಎದುರಿಗೇ, ಕೆಲಸದ ಹುಡುಗರ ಎದುರಿಗೇ. ಸೊಸೆ ಗಂಡನನ್ನು ನೋಡಲಿಲ್ಲ. ಮಾವನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಮೇಜಿನ ಮೇಲಿನ ಪೈಪನ್ನು ನೋಡಿದಳು. ಅವಳು ಅತ್ತಿದ್ದರೆ, ಜಗಳ ಆಡಿದ್ದರೆ ಡ್ರೈವರು ಆಗಲೇ ಒಪ್ಪಿಕೊಳ್ಳುತ್ತಿದ್ದರೇನೋ. ಹಾಗಂತ ಆಮೇಲೆ ಅವರೇ ತಮಗೆ ಸಮಾಧಾನ ಹೇಳಿಕೊಂಡರು. ಎಂಥ ಸಮಾಧಾನ!

"ಕಾರು ರಿಪೇರಿಯಾಗಿ ಬಂದ್ಮೇಲೂ ನಿನ್ನ ಕೈಗೆ ಕೊಡಲ್ಲ. ಆಸ್ಪತ್ರೆ ಬಸ್ಸಲ್ಲೇ ಹೋಗು" ಅಂತ ಮಗ ತೀರ್ಪು ಕೊಟ್ಟ. ಕೆಟ್ಟವನಲ್ಲ ಅವನು. ಸಿಟ್ಟು ಬಂದರೆ ಸಿಟ್ಟು, ಹಟ ಹಿಡಿದರೆ ಹಟ, ಅಪ್ಪನ ಮಗ.

ಆಸ್ಪತ್ರೆಯ ಬಸ್ಸು ಊರೆಲ್ಲ ಸುತ್ತಿಕೊಂಡು ಬರುವಂಥದ್ದು. ಸೊಸೆ ಮಧ್ಯಾಹ್ನ ಪೂರ್ತಿ ಮಲಗುವ ಮೊದಲೇ ಎದ್ದು ಹೊರಡಬೇಕಾಯಿತು, ಬೆಳಿಗ್ಗೆ ಬಿಸಿಲೇರಿದ ಮೇಲೆ ಕಾಲೆಳೆದುಕೊಂಡು ಏರು ಹತ್ತಿ ಬರಬೇಕಾಯಿತು. ಬಂದವಳು ಚಹಾ ಲೋಟ ಕೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಬಿತ್ತು. ಒಂದು ದಿನ ಲೋಟ ಜಾರಿ ಬಿದ್ದು ಒಡೆಯಿತು. "ನಿದ್ದೆಗಣ್ಣಲ್ಲಿ ಅಲ್ಲಿ ರೋಗಿಗೆ ಏನಾದ್ರೂ ತಪ್ಪು ಔಷಧಿ ಕೊಟ್ಟುಬಿಟ್ರೆ ಅಂತ ಹೆದರಿಕೆ ಆಗುತ್ತೆ ಅತ್ತೆ" ಅಂತ ಗಾಜು ಆರಿಸುತ್ತಾ ಅಂದಳು. ಪೇಪರಿನ ಹಿಂದೆ ಕೂತಿದ್ದ ಡ್ರೈವರು ಹಾಳೆ ಮಗುಚಲಿಲ್ಲ. ಅದೇ ಸಾಲನ್ನು ಮತ್ತೆ ಮತ್ತೆ ಓದಿದರು.

ಅವರಿಗೆ ಊಟ ರುಚಿಸಲಿಲ್ಲ. ಗೇಟಿನ ಹತ್ತಿರ ನಿಲ್ಲುವುದನ್ನು ಬಿಟ್ಟರು. ಬೀದಿಯಲ್ಲಿ ಕಾರು ಆರಿಸಿದ ಸದ್ದಾದರೆ ಬೆರಳು ಎತ್ತುವ ಬದಲು ಒಳಗೆ ಹೋಗುತ್ತಿದ್ದರು. "ಏನ್ರೀ, ಹುಷಾರಿಲ್ವಾ?" ಅಂತ ಹೆಂಡತಿ ಹಣೆ ಮುಟ್ಟಿ ನೋಡಿದರು. ಹಣೆ ತಣ್ಣಗೇ ಇತ್ತು. ಒಳಗೆ ಕುದಿಯುವುದು ಹಣೆಗೆ ಹೇಗೆ ಗೊತ್ತಾಗಬೇಕು?

ಕೊನೆಗೆ ತಡೆಯಲಾಗಲಿಲ್ಲ. ಒಂದು ಸಂಜೆ, ಸೊಸೆಗೆ ಅವತ್ತು ರಜೆ, ಎಲ್ಲರೂ ಊಟಕ್ಕೆ ಕೂತಿದ್ದರು. ಪಕ್ಕದ ಮನೆ ಮೇಷ್ಟ್ರು ಯಾವುದೋ ಮಾತ್ರೆ ಕೇಳಲು ಬಂದವರು ಮಗನ ಜೊತೆ ಮಾತಾಡುತ್ತಾ ಕುರ್ಚಿ ಎಳೆದುಕೊಂಡಿದ್ದರು. ಡ್ರೈವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು.

"ಕಾರು ಹಾಳಾಗಿದ್ದು ಅವಳಿಂದ ಅಲ್ಲ. ನನ್ನಿಂದ. ಮಧ್ಯಾಹ್ನ ನಾನು ತಗೊಂಡು ಹೋಗ್ತಿದ್ದೆ. ಬಂದು ಹಾಗೇ ಆರಿಸ್ತಿದ್ದೆ."

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀನು? ಬಿಸಿ ಎಂಜಿನ್ನು ಆರಿಸಿದ್ಯಾ? ಅಪ್ಪಾ, ಸುಳ್ಳು ಹೇಳೋದಕ್ಕೂ ಒಂದು ಅಂದಾಜು ಬೇಡ್ವಾ? ಮಿಕ್ಸಿಗೂ ಎರಡ್ನಿಮಿಷ ಕೊಡು ಅಂದೋನು ನೀನು!"

"ಇಲ್ಲ ಕಣೋ, ನಿಜವಾಗ್ಲೂ..."

"ಮಾತು ಕೊಟ್ಟಿದ್ದೆ ಅಪ್ಪಾ ನೀನು. ಕೊಟ್ಟ ಮೇಲೆ ನೀನು ಸ್ಟೀರಿಂಗ್ ಮುಟ್ತೀಯಾ? ನನಗೆ ಗೊತ್ತಿಲ್ವಾ ನಿನ್ನ? ಅವಳ ಮುಖ ನೋಡಕ್ಕಾಗದೆ ನಿನ್ನ ತಲೆ ಮೇಲೆ ಹಾಕ್ಕೊಳ್ತಿದ್ದೀಯ."

"ಹೆಂಗರುಳು ಕಣ್ರೀ ಇವರದ್ದು" ಅಂತ ಹೆಂಡತಿ ಸೆರಗಿಂದ ಕಣ್ಣು ಒರೆಸಿಕೊಂಡರು. "ಒಂದು ವಾರದಿಂದ ಸೊರಗಿದ್ದು ಇದಕ್ಕೇನಾ?"

ಮೇಷ್ಟ್ರಂತೂ ಎದ್ದು ಬಂದು ಡ್ರೈವರ ಭುಜ ತಟ್ಟಿದರು. "ಇಂಥ ಮಾವ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕಮ್ಮ" ಅಂತ ಸೊಸೆಗೆ ಹೇಳಿದರು. ಮರುದಿನದ ಹೊತ್ತಿಗೆ ಈ ಮಾತು ಬೀದಿಯೆಲ್ಲ ಓಡಾಡಿತ್ತು. ಎರಡ್ನಿಮಿಷ ಡ್ರೈವರು ದೇವರಂಥ ಮನುಷ್ಯ, ಸೊಸೆ ಮಾಡಿದ ತಪ್ಪನ್ನು ತಾನು ಹೊತ್ತುಕೊಳ್ಳಲು ಹೋದರು ಅಂತ. ಎದುರಿಗೆ ಸಿಕ್ಕವರು ಕೈ ಮುಗಿಯುತ್ತಿದ್ದರು. ಡ್ರೈವರಿಗೆ ಅದು ಕೆನ್ನೆಗೆ ಬಾರಿಸಿದ ಹಾಗಾಗುತ್ತಿತ್ತು. ತಪ್ಪು ಮಾಡಿದ್ದಕ್ಕೆ ಬೈಗುಳ ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೊಗಳಿಕೆಯನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು?

ಒಪ್ಪಿಕೊಂಡ ಆ ರಾತ್ರಿಯೇ, ಊಟ ಆದ ಮೇಲೆ, ಅವರು ಅಡುಗೆಮನೆಗೆ ಹೋಗಿದ್ದರು. ಸೊಸೆ ತಟ್ಟೆ ತೊಳೆಯುತ್ತಿದ್ದಳು.

"ನೀನಾದ್ರೂ ನಂಬಮ್ಮ. ನಾನೇ ಮಾಡಿದ್ದು."

"ಗೊತ್ತು ಮಾವ" ಅಂದಳು ಅವಳು, ತಿರುಗಿ ನೋಡದೆ.

ಡ್ರೈವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಸೀಟು ಸರಿ ಮಾಡಿಡ್ತಿದ್ರಿ. ಕನ್ನಡಿ ಮಾತ್ರ ಯಾವಾಗಲೂ ನಿಮ್ಮ ಎತ್ತರಕ್ಕೇ ಇರ್ತಿತ್ತು. ನಾನು ದಿನಾ ಸಂಜೆ ಅದನ್ನ ಕೆಳಗೆ ತಿರುಗಿಸ್ಕೊಳ್ತಿದ್ದೆ. ಡೀಸೆಲ್ ಮುಳ್ಳೂ ಇಳಿದಿರ್ತಿತ್ತು."

"ಮತ್ತೆ ಯಾಕಮ್ಮ ಸುಮ್ಮನಿದ್ದೆ? ಗ್ಯಾರೇಜಲ್ಲಿ ಅಷ್ಟು ಅಂದನಲ್ಲ ಅವನು."

"ಮೊದಲೆಲ್ಲ, ಹೋಗಲಿ ಬಿಡು, ಮಾವ ಆ ದಿನಗಳಲ್ಲಿ ಚೆನ್ನಾಗಿ ಊಟ ಮಾಡ್ತಾರೆ ಅಂತ ಸುಮ್ಮನಿದ್ದೆ." ಅವಳು ನಲ್ಲಿ ನಿಲ್ಲಿಸಿದಳು. "ಗ್ಯಾರೇಜಲ್ಲಿ, ನೀವೇ ಹೇಳ್ತೀರ ಅಂತ ಕಾದೆ. ನೀವು 'ನಾನು ಹೇಳಿದ್ದೆ' ಅಂದ್ರಿ. ಆಮೇಲೆ ನಾನು ಏನು ಹೇಳಿದ್ರೆ ಏನು? ಇವತ್ತು ನಿಮ್ಮ ಬಾಯಿಂದ ಕೇಳಿದ್ರೂ ಅವರು ನಂಬಲಿಲ್ಲ. ನಾನು ಹೇಳಿದ್ರೆ ನಂಬ್ತಿದ್ರಾ?"

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಸುಸ್ತು ಇತ್ತು. ಬಿಸಿ ಎಂಜಿನ್ ಆರಿಸಿದ್ದಕ್ಕಿಂತ ದೊಡ್ಡ ತಪ್ಪು ಆ ಎರಡು ಮಾತು ಅಂತ ಡ್ರೈವರಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಕಾರು ರಿಪೇರಿಯಾಯಿತು ಅಂತ ಮೇಸ್ತ್ರಿ ಫೋನ್ ಮಾಡಿದ್ದು ಒಂದು ಮಧ್ಯಾಹ್ನ. ಅಪ್ಪ ಮಗ ಇಬ್ಬರೂ ಹೋದರು. "ಒಂದು ಸಲ ಏರು ಹತ್ತಿಸಿ ನೋಡಬೇಕು" ಅಂದ ಮೇಸ್ತ್ರಿ. "ನೀವು ಬೇಡ ಸರ್, ನೀವು ಸ್ಕೂಟರಿನೋರು. ಗುರುಗಳು ಓಡಿಸಲಿ. ಇವರ ಕಿವಿಗೆ ಗೊತ್ತಾಗುತ್ತೆ ಟರ್ಬೋ ಸರಿ ಇದೆಯಾ ಇಲ್ವಾ ಅಂತ. ಕಣ್ಣು ಸರಿಯಾಗಿ ಎಷ್ಟು ಕಾಲ ಆಯ್ತು, ಇನ್ನೂ ಕೂರಿಸಿದ್ದೀರಲ್ಲ!"

ಮಗ ಅಪ್ಪನ ಮುಖ ನೋಡಿದ. "ಇದೊಂದು ಸಲ ಅಪ್ಪಾ" ಅಂತ ಕೀ ಕೊಟ್ಟ. ಇಷ್ಟು ದಿನ ಕಾದ ಮಾತು ಅದು. ಬಂದ ದಿನ ಡ್ರೈವರಿಗೆ ಅದರಿಂದ ಯಾವ ಸುಖವೂ ಆಗಲಿಲ್ಲ.

ಗುಡ್ಡದ ರಸ್ತೆ ಹತ್ತಿಸಿದರು, ಇಳಿಸಿದರು. ಟರ್ಬೋ ಚೆನ್ನಾಗಿ ಎಳೆಯುತ್ತಿತ್ತು. ಮನೆಗೆ ಹೋಗಿ, ಕಿಟಕಿ ಕೆಳಗೆ ನಿಲ್ಲಿಸಿ, ಎಂಜಿನ್ನಿಗೆ ಎರಡು ನಿಮಿಷ ಬಿಟ್ಟು, ಆ ಎರಡು ನಿಮಿಷದಲ್ಲಿ ಮಗನ ಕೈ ಹಿಡಿದು ಮತ್ತೊಂದು ಸಲ ಹೇಳಬೇಕು ಅಂತ ನಿರ್ಧಾರ ಮಾಡಿಕೊಂಡಿದ್ದರು. ಏನು ಹೇಳಬೇಕು, ಹೇಗೆ ಹೇಳಬೇಕು ಅಂತ ಮನಸ್ಸಿನಲ್ಲೇ ಮಾತು ಜೋಡಿಸುತ್ತಾ ಬೀದಿಯ ಏರಿಗೆ ಬಂದರು.

ಮನಸ್ಸು ಮಾತಿನ ಕಡೆ ಇತ್ತಲ್ಲ, ಕೈಕಾಲು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡಿದವು. ಕೊನೆಯ ತಿರುವಿನಲ್ಲಿ ಬಲಗಾಲು ಆಕ್ಸಿಲರೇಟರನ್ನು ಪೂರ್ತಿ ಒತ್ತಿತು. ಎಂಜಿನ್ನು ಒಮ್ಮೆ ಜೋರಾಗಿ ಗುಡುಗಿತು. ಮೇಷ್ಟ್ರ ಗೋಡೆ ದಾಟುತ್ತಿದ್ದಂತೆ ಕೈ ಕೀಯನ್ನು ಹಿಂದಕ್ಕೆ ತಿರುಗಿಸಿತು. ಸದ್ದು ಗಕ್ಕನೆ ನಿಂತಿತು. ಕಾರು ತಣ್ಣಗೆ ಉರುಳಿ ಬಂದು ಕಿಟಕಿ ಕೆಳಗೆ, ಒಂದು ಗೇಣು ಆಚೆಯಿಲ್ಲ ಈಚೆಯಿಲ್ಲ, ತನ್ನ ಜಾಗದಲ್ಲಿ ನಿಂತಿತು. ಕಟಕಟ ಅನ್ನದ ಹಾಗೆ ಗುಂಡಿ ಒತ್ತಿ ಹಿಡಿದು ಹ್ಯಾಂಡ್‌ಬ್ರೇಕ್ ಎಳೆದರು. ಬಾಗಿಲನ್ನು ಬಡಿಯದಂತೆ ಅಂಗೈಯಲ್ಲಿ ತಡೆದು ತೆರೆದರು. ಬಗ್ಗಿ ಚಪ್ಪಲಿಗೆ ಕೈ ಹಾಕಿದರು.

ಆಗ ಎಚ್ಚರವಾಯಿತು. ಚಪ್ಪಲಿ ಕೈಯಲ್ಲೇ ಇತ್ತು.

ಬಾನೆಟ್ಟಿನ ಒಳಗೆ ಟಕ್, ಟಕ್ ಅಂತಿತ್ತು. ಮಗ ಅಪ್ಪನ ಕೈಯಲ್ಲಿದ್ದ ಚಪ್ಪಲಿಯನ್ನು, ಹ್ಯಾಂಡ್‌ಬ್ರೇಕನ್ನು, ಮೇಲೆ ಎಳೆದ ಪರದೆಯನ್ನು ನೋಡಿದ. ಬಾಯಲ್ಲಿ ಹೇಳಿದಾಗ ನಂಬದವನು ಈಗ ಕೇಳದೆಯೇ ನಂಬಿದ.

"ಯಾವಾಗಿಂದ ಅಪ್ಪಾ?"

"ಕಣ್ಣು ಸರಿಯಾದಾಗಿಂದ."

ಮಗ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. "ಅಯ್ಯೋ, ನಾನು ಅವಳಿಗೆ ಏನೇನೆಲ್ಲ ಅಂದುಬಿಟ್ಟೆ."

"ನಿನ್ನ ಬಾಯಿಂದ ಅನ್ನಿಸಿದ್ದು ನಾನು" ಅಂದರು ಡ್ರೈವರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೆದರಿದ ಕೂದಲು, ನಿದ್ದೆಗಣ್ಣು, ಸೊಸೆ ಹೊರಗೆ ಬಂದು ನಿಂತಿದ್ದಳು. ಮಗ ಇಳಿದು ಅವಳ ಹತ್ತಿರ ಹೋದ. ಅವಳು ಅವನನ್ನು ದಾಟಿ ಕಾರಿನ ಹತ್ತಿರ ಬಂದು ಕೈ ಚಾಚಿದಳು. ಡ್ರೈವರು ಕೀಯನ್ನು ಅವಳ ಅಂಗೈಯಲ್ಲಿಟ್ಟರು.

ಅವಳು ಸೀಟಿನಲ್ಲಿ ಕೂತಳು. ಮೊದಲು ಕನ್ನಡಿ ಕೆಳಗೆ ತಿರುಗಿಸಿಕೊಂಡಳು. ಆಮೇಲೆ ಎಂಜಿನ್ ಹಾಕಿ ಹಾಗೇ ಓಡಲು ಬಿಟ್ಟಳು. ಹೊಸ ಟರ್ಬೋದೊಳಗೆ ನಿಂತುಹೋಗಿದ್ದ ಆಯಿಲ್ಲು ಮತ್ತೆ ಓಡಲು ಶುರುವಾಯಿತು.

ಡ್ರೈವರು ಕಾರಿನ ಕಿಟಕಿಗೆ ಬಗ್ಗಿದರು. "ತಪ್ಪಾಯ್ತು ಕಣಮ್ಮ. ಕದ್ದು ಓಡಿಸಿದ್ದೂ ತಪ್ಪು, ಗ್ಯಾರೇಜಲ್ಲಿ ಅಂದಿದ್ದಂತೂ... ಆದ್ರೆ ಒಂದು ಮಾತ್ರ ನಿಜ. ಹಾಗೇ ಆರಿಸ್ತಿದ್ದದ್ದು ನೀನು ಮಲಗಿದ್ಯಲ್ಲ, ನಿನಗೆ ಎಚ್ಚರ ಆಗಬಾರದು ಅಂತ."

ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತಾ ಹೇಳಿದಳು.

"ಸದ್ದಿಗೆ ನನಗೆ ಎಚ್ಚರ ಆಗಲ್ಲ ಮಾವ. ನಮ್ಮ ವಾರ್ಡಲ್ಲಿ ಬೆಳಗಿನ ತನಕ ಮಿಷಿನ್ ಸದ್ದೇ. ಸದ್ದು ಇದ್ದಷ್ಟು ಹೊತ್ತು ಎಲ್ಲ ಸರಿಯಾಗಿದೆ ಅಂತ. ಅದು ಗಕ್ಕನೆ ನಿಂತ್ರೇನೇ ನಮಗೆ ಜೀವ ಹೋದ ಹಾಗೆ ಆಗೋದು, ಎದ್ದು ಓಡೋದು. ನೀವು ಹಾಗೆ ಆರಿಸಿದಾಗಲೆಲ್ಲ ನಾನು ಎದೆ ಹೊಡ್ಕೊಂಡು ಎದ್ದು ಕೂರ್ತಿದ್ದೆ. ಪರದೆ ಸರಿಸಿ ನೋಡಿದ್ರೆ, ನೀವು ಚಪ್ಪಲಿ ಕೈಲಿ ಹಿಡ್ಕೊಂಡು ಮೆತ್ತಗೆ ಒಳಗೆ ಬರ್ತಿದ್ರಿ. ಆಮೇಲೆ ನಿದ್ದೆ ಬರ್ತಿರಲಿಲ್ಲ."

ಅಷ್ಟೂ ಮಧ್ಯಾಹ್ನಗಳ ನಿದ್ದೆ. ಎರಡು ನಿಮಿಷ ಎಂಜಿನ್ ಬಿಟ್ಟಿದ್ದರೆ ಅವಳು ಮಲಗಿಯೇ ಇರುತ್ತಿದ್ದಳು. ಡ್ರೈವರು ಕಾರಿನ ಮೇಲೆ ಕೈ ಊರಿಕೊಂಡು, ತಲೆ ತಗ್ಗಿಸಿಕೊಂಡು, ಅವಳು ಎಂಜಿನ್ ಆರಿಸುವ ತನಕ ಅಲ್ಲೇ ನಿಂತಿದ್ದರು.